ಉಳಿದ ಜಾಗ ಯಾರ ಪಾಲಿಗೆ?

ಕತಾರಿನಲ್ಲಿ ನೆಲೆಸಿದವರ ಗುರುತಿನ ಚೀಟಿಯ ಸಂಖ್ಯೆಯಲ್ಲಿ 11 ಅಂಕಿಗಳಿರುತ್ತವೆ. ಮೊದಲ ಅಂಕಿ ಹುಟ್ಟಿದ ಶತಮಾನದ್ದು: ಕಳೆದ ಶತಮಾನದಲ್ಲಿ ಹುಟ್ಟಿದವರಿಗೆ 2, ಈ ಶತಮಾನದವರಿಗೆ 3. ಆಮೇಲಿನ ಎರಡು ಅಂಕಿ ಹುಟ್ಟಿದ ವರ್ಷ. ಅದರ ಮುಂದಿನ ಮೂರು ದೇಶದ ಸಂಕೇತ, ಭಾರತೀಯರಿಗೆ 356. ಕೊನೆಯ ಐದು ಅವರವರ ಕ್ರಮಸಂಖ್ಯೆ. ಮಂಗಳೂರಿನವರಾಗಲಿ ಮನಿಲಾದವರಾಗಲಿ, ಈ ಸಂಖ್ಯೆ ಹಿಡಿಯುವ ಜಾಗ ಒಂದೇ. ಪಕ್ಕದಲ್ಲಿ ಬರೆಯಬೇಕಾದ ಹೆಸರಿಗೆ ಮಾತ್ರ ಇಂಥ ಶಿಸ್ತಿಲ್ಲ. ಊರಿನಲ್ಲಿ ಎರಡು ಇನಿಶಿಯಲ್ ಮತ್ತು ಒಂದು ಹೆಸರಿನಲ್ಲಿ ಜೀವನ ಸಾಗಿಸಿದ ಹಾಸನದವರೊಬ್ಬರು ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ ಆ ಇನಿಶಿಯಲ್‌ಗಳನ್ನು ಬಿಡಿಸಿ ಬರೆಯಬೇಕು. ಊರಿನ ಹೆಸರು, ತಂದೆಯ ಹೆಸರು ಪೂರ್ತಿಯಾಗಿ ಸೇರಿಕೊಂಡು ಅವರ ಹೆಸರು ಮೂರು ಪಟ್ಟು ಉದ್ದವಾಗುತ್ತದೆ. ಅರಬ್ಬರ ಹೆಸರಿನಲ್ಲಂತೂ ವಂಶಾವಳಿಯೇ ಇರುತ್ತದೆ. ಕತಾರಿನ ಅಮೀರರು ತಮೀಮ್ ಬಿನ್ ಹಮದ್ ಬಿನ್ ಖಲೀಫಾ ಅಲ್ ಥಾನಿ. ಅದರಲ್ಲಿ ಅವರ ಹೆಸರು, ತಂದೆಯ ಹೆಸರು, ಅಜ್ಜನ ಹೆಸರು, ಮನೆತನ ನಾಲ್ಕೂ ಇವೆ. ದೋಹಾದ ಯಾವುದೇ ಕಚೇರಿಯ ಸಿಬ್ಬಂದಿ ವಿಭಾಗದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ, ಆಸ್ಪತ್ರೆಯ ನೋಂದಣಿ ಮೇಜಿನಲ್ಲಿ ದಿನವಿಡೀ ತೆರೆದಿರುವ ಪಟ್ಟಿಗಳು ಇಂಥ ಹೆಸರು ಮತ್ತು ಇಂಥ ಸಂಖ್ಯೆಗಳಿಂದಲೇ ಆದವು. ಒಂದು ಕಾಲಂ ಅಲುಗಾಡದ್ದು, ಇನ್ನೊಂದು ಎಷ್ಟು ಕೊಟ್ಟರೂ ಸಾಲದು ಎನ್ನುವಂಥದ್ದು.

ಇಂಥ ಪಟ್ಟಿಯ ಒಂದೊಂದು ಸಾಲೂ ತನಗೆ ದೊರೆತ ಅಗಲವನ್ನು ಪೂರ್ತಿ ತುಂಬಬೇಕೇ, ಇಲ್ಲ ಒಳಗಿನ ಅಕ್ಷರಗಳು ಎಲ್ಲಿಗೆ ಮುಗಿಯುತ್ತವೋ ಅಲ್ಲಿಗೆ ನಿಲ್ಲಬೇಕೇ? ಸಾಲು ಅಂಚಿನಿಂದ ಅಂಚಿಗೆ ತುಂಬಬೇಕು ಎಂಬುದು ನನ್ನ ವಾದ. ಕೇಳಲು ಸಣ್ಣ ಪ್ರಶ್ನೆ. ಆದರೆ ಡೆಸ್ಕ್‌ಟಾಪ್ ತಂತ್ರಾಂಶ ಬಳಸುವ ಗುಮಾಸ್ತರ ದಿನದ ದಣಿವು ಎಷ್ಟಿರುತ್ತದೆ ಎಂಬುದಕ್ಕೆ ಈ ಪ್ರಶ್ನೆಯ ಉತ್ತರವೂ ಕಾರಣ. ಸಾಲು ಅಕ್ಷರದಷ್ಟಕ್ಕೇ ನಿಂತರೆ ಹೆಸರಿನ ನಂತರ ಬರುವ ವೀಸಾ ದಿನಾಂಕ ಒಂದು ಸಾಲಿನಲ್ಲಿ ಇಲ್ಲಿ, ಮುಂದಿನ ಸಾಲಿನಲ್ಲಿ ಅಲ್ಲಿ, ಅದರ ಕೆಳಗೆ ಇನ್ನೆಲ್ಲೋ ಇರುತ್ತದೆ. ನೂರು ಜನರಲ್ಲಿ ಯಾರ ವೀಸಾ ಈ ತಿಂಗಳು ಮುಗಿಯುತ್ತದೆ ಎಂದು ಹುಡುಕುವ ಕಣ್ಣು ನೇರ ಕೆಳಗಿಳಿಯಲಾಗದೆ ಅಂಕುಡೊಂಕಾಗಿ ಓಡಾಡಬೇಕಾಗುತ್ತದೆ. ಎಷ್ಟೋ ಪಟ್ಟಿಗಳಲ್ಲಿ ಕ್ಲಿಕ್ ಕೂಡ ಅಕ್ಷರದ ಮೇಲೆ ಬಿದ್ದರಷ್ಟೇ ತಗುಲುತ್ತದೆ. ಮೂರಕ್ಷರದ ಹೆಸರಿನವರನ್ನು ಆರಿಸಲು ಮೌಸ್ ಹಿಡಿದು ಗುರಿಯಿಡಬೇಕು. ಗುರಿ ಚಿಕ್ಕದಾದಷ್ಟೂ, ದೂರವಾದಷ್ಟೂ ಅದನ್ನು ಮುಟ್ಟಲು ಕೈಗೆ ಹೆಚ್ಚು ಸಮಯ ಬೇಕೆಂದು ಮನಃಶಾಸ್ತ್ರಜ್ಞ ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದರು. ಆಗ ಮೌಸ್ ಇನ್ನೂ ಹುಟ್ಟಿರಲಿಲ್ಲ. ಅವರ ನಿಯಮ ಮಾತ್ರ ಇಂದಿನ ಪ್ರತಿಯೊಂದು ಕ್ಲಿಕ್ಕಿಗೂ ಅನ್ವಯಿಸುತ್ತದೆ.

ಹಾಗಾದರೆ ಪಟ್ಟಿಗಳು ಯಾಕೆ ಹೀಗೆ ಕುಗ್ಗಿಕೊಂಡು ಹುಟ್ಟುತ್ತವೆ? ಪ್ರೋಗ್ರಾಮರುಗಳ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ. ಕಾರಣ ಅವರ ಕೈಗೆ ಬರುವ ಉಪಕರಣದಲ್ಲೇ ಇದೆ. 2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ ಪ್ರೆಸೆಂಟೇಷನ್ ಫೌಂಡೇಷನ್ ಇಂದಿಗೂ ಕಚೇರಿ ತಂತ್ರಾಂಶಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಅದು ಪರದೆಯ ವಸ್ತುಗಳನ್ನು ಎರಡು ಹಂತದಲ್ಲಿ ಕೂರಿಸುತ್ತದೆ. ಮೊದಲು, ಇಷ್ಟು ಜಾಗವಿದೆ, ನಿನಗೆಷ್ಟು ಬೇಕು ಎಂದು ಪ್ರತಿ ವಸ್ತುವನ್ನೂ ಕೇಳಿ ಅಳೆಯುತ್ತದೆ. ಆಮೇಲೆ, ಸರಿ, ನಿನ್ನ ಪಾಲು ಇದು ಎಂದು ಜಾಗ ಕೊಡುತ್ತದೆ. ಕೊಟ್ಟದ್ದು ಬೇಕಾದದ್ದಕ್ಕಿಂತ ಹೆಚ್ಚಿದ್ದರೆ ಏನು ಮಾಡಬೇಕೆಂಬುದನ್ನು ಹಾರಿಜಾಂಟಲ್ ಕಂಟೆಂಟ್ ಅಲೈನ್‌ಮೆಂಟ್ ಎಂಬ ಗುಣ ತೀರ್ಮಾನಿಸುತ್ತದೆ. ಯಾರೂ ಏನೂ ಹೇಳದಿದ್ದರೆ ಅದರ ಬೆಲೆ ಲೆಫ್ಟ್, ಅಂದರೆ ಶುರುವಿನ ಅಂಚಿಗೆ ಒರಗಿ ಕೂತುಕೋ, ಉಳಿದದ್ದನ್ನು ಖಾಲಿ ಬಿಡು ಎಂದರ್ಥ. ಆಗ ಆಯ್ಕೆಯ ನೀಲಿ ಬಣ್ಣವೇನೋ ಅಂಚಿನವರೆಗೂ ಹರಡುತ್ತದೆ, ಒಳಗಿನ ಹೆಸರು, ದಿನಾಂಕ, ಗುಂಡಿಗಳೆಲ್ಲ ಎಡಮೂಲೆಯಲ್ಲಿ ಮುದುಡಿಕೊಂಡಿರುತ್ತವೆ. ಆ ಬೆಲೆಯನ್ನು ಸ್ಟ್ರೆಚ್ ಎಂದು ಬದಲಾಯಿಸಿದರೆ ಅರ್ಧ ರೋಗ ವಾಸಿ. ಇನ್ನರ್ಧಕ್ಕೆ ಕಾರಣ ಅಡ್ಡ ಸ್ಕ್ರೋಲ್ ಬಾರ್. ಅದಕ್ಕೆ ಅವಕಾಶವಿದ್ದರೆ ಪಟ್ಟಿಯು ಅಳೆಯುವ ಹಂತದಲ್ಲಿ ಪ್ರತಿ ಸಾಲಿಗೂ ಅಗಲ ಅನಂತವಾಗಿದೆ ಎಂದೇ ಹೇಳುತ್ತದೆ. ಅನಂತ ಜಾಗವಿದ್ದಮೇಲೆ ಉದ್ದ ಹೆಸರು ಯಾಕೆ ಮುರಿದು ಎರಡನೇ ಸಾಲಿಗೆ ಇಳಿಯಬೇಕು? ಅದು ನೇರವಾಗಿ ಚಾಚಿಕೊಂಡು ಹೋಗುತ್ತದೆ, ತನ್ನ ಮುಂದಿದ್ದ ದಿನಾಂಕವನ್ನು ಪರದೆಯಾಚೆ ತಳ್ಳುತ್ತದೆ. ಆ ಸ್ಕ್ರೋಲ್ ಬಾರನ್ನು ತೆಗೆದುಹಾಕಿದಾಗಲೇ ಸಾಲಿಗೆ ತನ್ನ ನಿಜವಾದ ಅಗಲ ತಿಳಿಯುವುದು. ಬ್ರೌಸರಿನ ಒಳಗೆ ಚಲಿಸುವ ತಂತ್ರಾಂಶಗಳಲ್ಲೂ ಈ ತೊಂದರೆಯ ಅಣ್ಣತಮ್ಮಂದಿರಿದ್ದಾರೆ. ಅಲ್ಲಿ ಜಾಗ ಹಂಚಿಕೊಡುವ ಫ್ಲೆಕ್ಸ್ ಎಂಬ ಪೆಟ್ಟಿಗೆಯ ಒಳಗಿನ ವಸ್ತು, ಕನಿಷ್ಠ ಅಗಲ ಸೊನ್ನೆಯೆಂದು ಬಿಡಿಸಿ ಹೇಳದಿದ್ದರೆ, ತನ್ನ ಅತಿ ಉದ್ದದ ಪದಕ್ಕಿಂತ ಕಿರಿದಾಗಲು ಒಪ್ಪುವುದಿಲ್ಲ. ಇಂಗ್ಲಿಷಿನ ಪುಟ್ಟ ಪದಗಳಿಟ್ಟು ಪರೀಕ್ಷಿಸಿದವರಿಗೆ ಇದು ಗೊತ್ತೇ ಆಗದು. ಪ್ರತ್ಯಯದ ಮೇಲೆ ಪ್ರತ್ಯಯ ಅಂಟಿಸಿ ಒಂದೇ ಪದದಲ್ಲಿ ವಾಕ್ಯ ಮುಗಿಸುವ ಕನ್ನಡವನ್ನು ಅದೇ ಪೆಟ್ಟಿಗೆಗೆ ಸುರಿದರೆ ತಕ್ಷಣ ಗೊತ್ತಾಗುತ್ತದೆ.

ಕತಾರಿನಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಅಲ್ಲಿನ ಪಟ್ಟಿ ತಿರುಗಬೇಕು. ಅರಬಿ ಭಾಷೆಯ ರಕ್ಷಣೆಗೆಂದೇ ಆ ದೇಶ 2019ರಲ್ಲಿ 7ನೇ ಸಂಖ್ಯೆಯ ಕಾನೂನು ತಂದಿತು. ಸರ್ಕಾರಿ ಸಂಸ್ಥೆಗಳ ವ್ಯವಹಾರ ಅರಬಿಯಲ್ಲೇ ಆಗಬೇಕು. ಖಾಸಗಿ ಕಚೇರಿಗಳ ದಿನನಿತ್ಯದ ಮಾತು ಬಹುಪಾಲು ಇಂಗ್ಲಿಷಿನಲ್ಲಿ. ಹೀಗಾಗಿ ಅದೇ ಪಟ್ಟಿ ಬೆಳಿಗ್ಗೆ ಎಡದಿಂದ ಬಲಕ್ಕೆ, ಮಧ್ಯಾಹ್ನ ಇನ್ನೊಬ್ಬರ ಪರದೆಯಲ್ಲಿ ಬಲದಿಂದ ಎಡಕ್ಕೆ ಓದಿಸಿಕೊಳ್ಳಬೇಕು. ಕನ್ನಡಿಯಲ್ಲಿ ಕಂಡಂತೆ ಹೆಸರು ಬಲ ಅಂಚಿಗೆ, ದಿನಾಂಕ ಎಡ ಅಂಚಿಗೆ ಹೋಗಬೇಕು. ಸಾಲು ಅಂಚಿನಿಂದ ಅಂಚಿಗೆ ತುಂಬಿದ್ದರೆ ಇದು ತಾನಾಗಿ ನಡೆಯುತ್ತದೆ, ಯಾಕೆಂದರೆ ತಿರುಗಿಸಲು ಎರಡು ಅಂಚುಗಳಿವೆ. ಸಾಲು ಅಕ್ಷರದಷ್ಟೇ ಇದ್ದರೆ ಅದರ ಎರಡನೇ ಅಂಚು ಎಲ್ಲಿದೆಯೆಂಬುದು ಹೆಸರಿನ ಉದ್ದದ ಮೇಲೆ ನಿಂತಿರುತ್ತದೆ. ನೂರು ಸಾಲಿಗೆ ನೂರು ಅಂಚು. ಒಂದೇ ಪಟ್ಟಿಯಲ್ಲಿ ಎರಡೂ ಲಿಪಿ ಬೆರೆತಾಗ ಇನ್ನೂ ತೊಡಕು. ಅರಬಿ ಹೆಸರು ತನ್ನ ಸಾಲಿನ ಬಲತುದಿಯಿಂದ ಶುರುವಾಗಬೇಕು ಎಂದುಕೊಳ್ಳಿ. ಸಾಲೇ ಕಿರಿದಾಗಿದ್ದರೆ ಆ ಬಲತುದಿ ಪರದೆಯ ನಡುವೆ ಎಲ್ಲೋ ಇರುತ್ತದೆ. ಇದರ ನಡುವೆ ಆ 11 ಅಂಕಿಗಳು ಅರಬಿ ವಾಕ್ಯದ ಒಳಗೂ ಎಡದಿಂದ ಬಲಕ್ಕೇ ಓದಿಸಿಕೊಳ್ಳುತ್ತವೆ, ಅವು ತಿರುಗುವುದಿಲ್ಲ. ತಿರುಗುವ ಹೆಸರು, ತಿರುಗದ ಸಂಖ್ಯೆ ಎರಡನ್ನೂ ಒಂದೇ ಸಾಲು ಹೊರಬೇಕಾದಾಗ ಆ ಸಾಲಿನ ಎರಡು ತುದಿಗಳಾದರೂ ಗಟ್ಟಿಯಾಗಿ ನಿಂತಿರಬೇಡವೇ? ಅಂದಹಾಗೆ, ಅರಬಿಯಲ್ಲಿ ಪಕಾರವಿಲ್ಲ. ನಮ್ಮ ಪೂಜಾರಿಯವರು ಅಲ್ಲಿ ಬೂಜಾರಿ ಆಗುತ್ತಾರೆ. ಗುರುತಿನ ಚೀಟಿಯಲ್ಲಿ ಹೆಸರು ಎರಡೂ ಲಿಪಿಯಲ್ಲಿ ಇರುವುದು ಇದಕ್ಕೇ ಎಷ್ಟು ಉಪಯುಕ್ತವೆಂದು ದಕ್ಷಿಣ ಕನ್ನಡದವರಿಗೆ ಹೇಳಬೇಕಿಲ್ಲ. ಎರಡೂ ರೂಪಗಳನ್ನು ಒಂದೇ ಸಾಲಿನಲ್ಲಿ, ಒಂದನ್ನು ಎಡಕ್ಕೆ ಒಂದನ್ನು ಬಲಕ್ಕೆ, ಎದುರುಬದುರು ತೋರಿಸುವ ಪಟ್ಟಿಗೆ ಪೂರ್ತಿ ಅಗಲ ಬೇಕೇಬೇಕು.

ಇಲ್ಲಿ ಬರುವ ಮೊದಲ ಆಕ್ಷೇಪ ಬಲವಾದದ್ದು. ಇಂದಿನ ಪರದೆಗಳು ಅಗಲವಾಗಿವೆ. 1920 ಪಿಕ್ಸೆಲ್ ಸಾಮಾನ್ಯ. ಅಷ್ಟು ಅಗಲಕ್ಕೆ ಸಾಲನ್ನು ಚಾಚಿ ಹೆಸರನ್ನು ಈ ತುದಿಗೆ, ಮೊತ್ತವನ್ನು ಆ ತುದಿಗೆ ಇಟ್ಟರೆ ನಡುವೆ ಬಯಲು. ಹೆಸರಿನಿಂದ ಹೊರಟ ಕಣ್ಣು ಆ ಬಯಲು ದಾಟುವಷ್ಟರಲ್ಲಿ ಮೇಲಿನ ಅಥವಾ ಕೆಳಗಿನ ಸಾಲಿಗೆ ಜಾರುತ್ತದೆ, ಒಬ್ಬರ ಸಂಬಳ ಇನ್ನೊಬ್ಬರ ಹೆಸರಿಗೆ ಓದಿಕೊಂಡು ಬಿಡುತ್ತದೆ. ಇದು ನಿಜವಾದ ಅಪಾಯ, ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಆದರೆ ಈ ತಪ್ಪು ಪಟ್ಟಿಯನ್ನು ಬೇಕಾಬಿಟ್ಟಿ ಅಗಲ ಮಾಡಿದವರದ್ದು, ಪಟ್ಟಿಯನ್ನು ತುಂಬಿದ ಸಾಲಿನದ್ದಲ್ಲ. ನಮ್ಮ ಅಡಿಕೆ ಮಂಡಿಗಳ, ದಿನಸಿ ಅಂಗಡಿಗಳ ಖಾತೆ ಪುಸ್ತಕ ಈ ಲೆಕ್ಕವನ್ನು ಬಹಳ ಹಿಂದೆಯೇ ಬಗೆಹರಿಸಿಕೊಂಡಿತ್ತು. ಪುಸ್ತಕದ ಗಾತ್ರ ಕಣ್ಣಿನ ಹಿಡಿತದಷ್ಟೇ ಇರುತ್ತಿತ್ತು. ಆ ಗಾತ್ರದೊಳಗೆ ಗೆರೆ ಮಾತ್ರ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ಎಳೆದಿರುತ್ತಿತ್ತು. ಸಾಲಗಾರನ ಹೆಸರು ಗಿಡ್ಡವೆಂದು ಯಾರೂ ಗೆರೆಯನ್ನು ಅರ್ಧಕ್ಕೆ ನಿಲ್ಲಿಸುತ್ತಿರಲಿಲ್ಲ. ದಿನಾಂಕಕ್ಕೆ, ರೂಪಾಯಿಗೆ, ಪೈಸೆಗೆ ಬೇಕಾದಷ್ಟೇ ಕಿರಿದಾದ ಕಾಲಂ. ವಿವರದ ಕಾಲಂ ಮಾತ್ರ ಅಗಲ, ಉಳಿದ ಜಾಗವೆಲ್ಲ ಅದರದ್ದು. ಪರದೆಯ ಮೇಲೂ ಇದೇ ಸಾಕು. ಪಟ್ಟಿಗೆ ಒಂದು ಗರಿಷ್ಠ ಅಗಲ ಕೊಡಿ. ಅದರೊಳಗೆ ಸಾಲು ಅಂಚು ಮುಟ್ಟಲಿ. ಅಗಲ ಬದಲಾಗದ ಗುರುತಿನ ಸಂಖ್ಯೆಗೆ, ದಿನಾಂಕಕ್ಕೆ ಅಳೆದು ಕೊಡಿ. ಮಿಕ್ಕಿದ್ದೆಲ್ಲ ಹೆಸರಿಗೆ ಸಲ್ಲಲಿ. ಸಾಲು ಬಿಟ್ಟು ಸಾಲಿಗೆ ತಿಳಿಬಣ್ಣವೋ, ಒಂದು ತೆಳು ಗೆರೆಯೋ ಇದ್ದರೆ ಕಣ್ಣು ಜಾರುವುದಿಲ್ಲ. ಆ ಬಣ್ಣವಾಗಲಿ ಗೆರೆಯಾಗಲಿ ಅಂಚಿನವರೆಗೆ ಹೋಗಬೇಕಾದರೆ ಸಾಲು ಅಂಚಿನವರೆಗೆ ಇರಲೇಬೇಕಲ್ಲ. ಇನ್ನು ಸಾಲಿನೊಳಗೆ ಎರಡು ಮೂರು ವಾಕ್ಯದ ವಿವರಣೆ ಇದ್ದರೆ, ಆ ಬರಹವನ್ನು ಓದಲು ಹಿತವಾಗುವ ಅಳತೆಗೆ ನಿಲ್ಲಿಸಬೇಕು ಎಂಬ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ಸಾಲು ತುಂಬುವುದು ಬೇರೆ, ಸಾಲಿನೊಳಗಿನ ಬರಹವನ್ನು ಎಳೆಯುವುದು ಬೇರೆ.

ಎರಡನೇ ಆಕ್ಷೇಪ ಖಾಲಿ ಜಾಗದ ಪರವಾಗಿ ಮಾತಾಡುವವರದ್ದು. ಅವರ ಕೈಯಲ್ಲಿ ಒಳ್ಳೆಯ ಸಾಕ್ಷ್ಯವೂ ಇದೆ. 2009ರಲ್ಲಿ ಬಂದ ವಿಂಡೋಸ್ 7ರ ಫೈಲ್ ಪಟ್ಟಿಯಲ್ಲಿ, ವಿವರಗಳ ನೋಟದಲ್ಲಿ, ಇಡೀ ಸಾಲೇ ಆಯ್ಕೆಯಾಗುತ್ತಿತ್ತು. ಹಿಂದೆ ಹೆಸರಿನ ಆಚೆಗಿದ್ದ ಖಾಲಿ ಜಾಗದಲ್ಲಿ ಬಲ ಗುಂಡಿ ಒತ್ತಿ ಹೊಸ ಫೋಲ್ಡರ್ ಮಾಡುತ್ತಿದ್ದವರು, ಅಲ್ಲಿಂದಲೇ ಮೌಸ್ ಎಳೆದು ಹತ್ತಾರು ಫೈಲುಗಳಿಗೆ ಬಲೆ ಬೀಸುತ್ತಿದ್ದವರು ಕೈ ಕಟ್ಟಿಹಾಕಿದಂತಾಯಿತೆಂದು ದೂರಿದರು. ಅವರ ದೂರು ನ್ಯಾಯವಾದದ್ದು. ಖಾಲಿ ಜಾಗವೇ ಒಂದು ಉಪಕರಣವಾಗಿರುವ ಪಟ್ಟಿಗಳಿವೆ, ಫೈಲುಗಳ ಪಟ್ಟಿ ಅಂಥದ್ದು. ಅಲ್ಲಿ ಅಂಚಿನಲ್ಲಿ ಒಂದು ಪಟ್ಟೆಯನ್ನು ಉದ್ದಕ್ಕೂ ಖಾಲಿ ಬಿಟ್ಟು, ಉಳಿದ ಅಗಲವನ್ನು ಸಾಲು ತುಂಬಿದರೆ ಇಬ್ಬರಿಗೂ ಅನುಕೂಲ. ಆ ಖಾಲಿ ಪಟ್ಟೆ ಎಲ್ಲಿದೆಯೆಂದು ಕೈಗೆ ರೂಢಿಯಾಗುತ್ತದೆ. ಹೆಸರಿನ ಉದ್ದಕ್ಕೆ ತಕ್ಕಂತೆ ಜಾಗ ಬದಲಿಸುವ ಖಾಲಿಗೆ ಯಾವ ಕೈಯೂ ಒಗ್ಗಿಕೊಳ್ಳಲಾರದು. ಆದರೆ ರೋಗಿಗಳ ಪಟ್ಟಿ, ಸಿಬ್ಬಂದಿಯ ಪಟ್ಟಿ, ಬಿಲ್ಲುಗಳ ಪಟ್ಟಿಯಲ್ಲಿ ಖಾಲಿ ಜಾಗದ ಮೇಲೆ ಯಾರಿಗೂ ಯಾವ ಕೆಲಸವೂ ಇರುವುದಿಲ್ಲ. ಅಲ್ಲಿ ಅದನ್ನು ಕಾಯ್ದಿಡುವುದಕ್ಕೆ ಕಾರಣ ಕಾಣುವುದಿಲ್ಲ.

ಮೂರನೆಯವರು ಹೇಳುವುದು: ಉದ್ದ ಹೆಸರನ್ನು ಕತ್ತರಿಸಿ ಮೂರು ಚುಕ್ಕಿ ಹಾಕಿದರಾಯಿತು, ಬೇಕಾದವರು ಮೌಸನ್ನು ಮೇಲಿಟ್ಟು ಪೂರ್ತಿ ಹೆಸರು ನೋಡಿಕೊಳ್ಳಲಿ. ಮೂರು ಚುಕ್ಕಿ ಎಂಥ ಹಾನಿ ಮಾಡಬಲ್ಲದು ಎಂಬುದಕ್ಕೆ ಉದಾಹರಣೆಯನ್ನು ಕತಾರಿನದೇ ಒಂದು ಶ್ರೇಷ್ಠ ಸಂಗ್ರಹದಿಂದ ಕೊಡಬಹುದು. ಕತಾರ್ ಫೌಂಡೇಷನ್, ಕತಾರ್ ರಾಷ್ಟ್ರೀಯ ಗ್ರಂಥಾಲಯ ಮತ್ತು ಬ್ರಿಟಿಷ್ ಲೈಬ್ರರಿ ಸೇರಿ 2014ರಲ್ಲಿ ತೆರೆದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸಿನ ಕೊಲ್ಲಿ ಪ್ರದೇಶದ ದಾಖಲೆಗಳು ಇಂಗ್ಲಿಷ್ ಮತ್ತು ಅರಬಿ ಎರಡರಲ್ಲೂ ವಿವರಣೆ ಸಹಿತ ಸಿಗುತ್ತವೆ. ಜೆ. ಜಿ. ಲೋರಿಮರ್ ಬ್ರಿಟಿಷ್ ಇಂಡಿಯಾ ಸರ್ಕಾರಕ್ಕಾಗಿ ಸಿದ್ಧಪಡಿಸಿದ ಪ್ರಸಿದ್ಧ ಗೆಜೆಟಿಯರ್ ಅಲ್ಲಿದೆ. ಅದರ 1908ರ ಸಂಪುಟ ಊರುಕೇರಿ, ಜನ, ಬಾವಿ, ದೋಣಿಗಳ ಭೌಗೋಳಿಕ ವಿವರ. 1915ರ ಸಂಪುಟ ಇತಿಹಾಸ. ಎರಡರ ಶೀರ್ಷಿಕೆಯೂ ಗೆಜೆಟಿಯರ್ ಆಫ್ ದಿ ಪರ್ಷಿಯನ್ ಗಲ್ಫ್ ಎಂದೇ ಶುರುವಾಗುತ್ತದೆ. ಯಾವ ಸಂಪುಟ, ಯಾವ ಭಾಗ, ಯಾವ ವರ್ಷ ಎಂಬುದೆಲ್ಲ ಕೊನೆಗೆ. ಇಂಥ ಶೀರ್ಷಿಕೆಗಳನ್ನು ಕಿರಿದಾದ ಪಟ್ಟಿಯಲ್ಲಿ ಕತ್ತರಿಸಿ ಚುಕ್ಕಿ ಹಾಕಿದರೆ ಓದುಗರ ಮುಂದೆ ಉಳಿಯುವುದು ಒಂದೇ ಮುಖದ ಹಲವು ಸಾಲುಗಳು. ಸರ್ಕಾರಿ ಕಡತಗಳ ಹೆಸರು ಲೋಕದಲ್ಲೆಲ್ಲ ಹೀಗೆಯೇ, ಸಾಮಾನ್ಯವಾದದ್ದು ಮೊದಲು, ವಿಶೇಷವಾದದ್ದು ಆಮೇಲೆ. ಬಿನ್ ಮೇಲೆ ಬಿನ್ ಬರುವ ಅರಬ್ ಹೆಸರಿನಲ್ಲೂ ಮನೆತನ ಬರುವುದು ಕೊನೆಗೆ. ಒಂದೇ ಮೊದಲ ಹೆಸರು, ಒಂದೇ ತಂದೆಯ ಹೆಸರು ಇರುವ ನಾಲ್ವರನ್ನು ಬೇರ್ಪಡಿಸುವ ಪದವನ್ನೇ ಆ ಚುಕ್ಕಿಗಳು ನುಂಗಿರುತ್ತವೆ. ಬಲಗಡೆ ಅರ್ಧ ಪರದೆ ಖಾಲಿ ಬಿದ್ದಿರುವಾಗ ಹೀಗೆ ಕತ್ತರಿಸುವುದು ಅನ್ಯಾಯ. ಪೂರ್ತಿ ಅಗಲ ಕೊಟ್ಟ ಮೇಲೂ ಹಿಡಿಸದಿದ್ದರೆ ಹೆಸರು ಎರಡನೇ ಸಾಲಿಗೆ ಇಳಿಯಲಿ. ಮೂರು ಚುಕ್ಕಿ ಕಟ್ಟಕಡೆಯ ಉಪಾಯವಾಗಿರಲಿ.

ತುಂಬುವುದು ಎಂದೊಡನೆ ಹಿಗ್ಗುವುದನ್ನೇ ನೆನೆಯುತ್ತೇವೆ. ಇರುವ ಜಾಗ ಚಿಕ್ಕದಾದಾಗ ಅದಕ್ಕೆ ತಕ್ಕಂತೆ ಕುಗ್ಗುವುದೂ ತುಂಬುವುದೇ. ನನಗೆ ಇದು ಹಿಗ್ಗುವುದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಕಣ್ಣು ಮಂಜಾದವರು ಡೆಸ್ಕ್‌ಟಾಪಿನಲ್ಲಿ ಬರಹವನ್ನು ದೊಡ್ಡದು ಮಾಡಿಕೊಂಡು ಓದುತ್ತಾರೆ. 1280 ಪಿಕ್ಸೆಲ್ ಅಗಲದ ಕಿಟಕಿಯನ್ನು ನಾಲ್ಕು ಪಟ್ಟು ಹಿಗ್ಗಿಸಿದರೆ ಉಳಿಯುವ ಅಗಲ 320 ಪಿಕ್ಸೆಲ್, ಸರಿಸುಮಾರು ಒಂದು ಫೋನಿನಷ್ಟು. ಅಷ್ಟರಲ್ಲೂ ಅಡ್ಡಡ್ಡ ಎಳೆದಾಡದೆ ಓದಲು ಸಾಧ್ಯವಾಗಬೇಕು ಎಂಬುದು 2018ರಿಂದ ವೆಬ್‌ನ ಅಂತರರಾಷ್ಟ್ರೀಯ ಸುಗಮ್ಯತಾ ಮಾರ್ಗಸೂಚಿಯಲ್ಲಿದೆ. ನಿಜವಾಗಿ ಅಗಲ ಬೇಡುವ ಕೋಷ್ಟಕಗಳಿಗಷ್ಟೇ ಅಲ್ಲಿ ವಿನಾಯಿತಿ. ಒತ್ತುವ ಗುರಿ ಕನಿಷ್ಠ 24 ಪಿಕ್ಸೆಲ್ ಇರಬೇಕೆಂದು 2023ರ ಆವೃತ್ತಿ ಸೇರಿಸಿತು. ಕತಾರ್ ಈ ವಿಷಯದಲ್ಲಿ ಹಿಂದೆ ಬಿದ್ದ ದೇಶವಲ್ಲ. ಅಂಗವಿಕಲರ ತಂತ್ರಜ್ಞಾನಕ್ಕೆಂದೇ ಮದಾ ಕೇಂದ್ರ 2010ರಲ್ಲಿ ಅಲ್ಲಿ ಶುರುವಾಯಿತು, ಅರಬಿಯಲ್ಲಿ ಇಂಥ ಕೆಲಸ ಮಾಡುವ ಮುಂಚೂಣಿ ಸಂಸ್ಥೆಗಳಲ್ಲಿ ಅದೂ ಒಂದು. ಸಾಲಿನ ಅಗಲವನ್ನು 900 ಪಿಕ್ಸೆಲ್ ಎಂದು ಗಟ್ಟಿಯಾಗಿ ಬರೆದಿಟ್ಟ ತಂತ್ರಾಂಶ ಈ ಪರೀಕ್ಷೆಯಲ್ಲಿ ಮೊದಲ ಹೆಜ್ಜೆಗೇ ಬೀಳುತ್ತದೆ. ದೊರೆತ ಅಗಲವನ್ನು ಕೇಳಿಕೊಂಡು ತುಂಬುವ ಸಾಲು ಹೆಚ್ಚಿನ ಶ್ರಮವಿಲ್ಲದೆ ಪಾರಾಗುತ್ತದೆ.

ಎಲ್ಲವೂ ಫೋನಿಗೆ ಬಂದಿರುವಾಗ ಡೆಸ್ಕ್‌ಟಾಪಿನ ಪಟ್ಟಿಗೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂದೂ ಕೇಳಬಹುದು. ಅರ್ಜಿ ಹಾಕುವವರ ಕೈಯಲ್ಲಿ ಫೋನಿದೆ, ನಿಜ. ಆ ಅರ್ಜಿಯನ್ನು ತೆರೆದು, ಹೆಸರು ತಾಳೆ ನೋಡಿ, ಮುಂದಿನ ಮೇಜಿಗೆ ದಾಟಿಸುವವರ ಮುಂದೆ ಈಗಲೂ ಇರುವುದು ಡೆಸ್ಕ್‌ಟಾಪೇ. 2020ರ ಜನಗಣತಿಯಲ್ಲಿ ಕತಾರಿನ ಜನಸಂಖ್ಯೆ ಸುಮಾರು 28 ಲಕ್ಷ. ಏಳು ಲಕ್ಷಕ್ಕೂ ಹೆಚ್ಚು ಭಾರತೀಯರು ಅಲ್ಲಿದ್ದಾರೆ. ಅಲ್ಲಿನ ಗೃಹ ಸಚಿವಾಲಯದ ಮೆಟ್ರಾಶ್2 ಆ್ಯಪ್ ಅರಬಿ, ಇಂಗ್ಲಿಷ್ ಜೊತೆಗೆ ಫ್ರೆಂಚ್, ಸ್ಪ್ಯಾನಿಷ್, ಉರ್ದು, ಮಲಯಾಳಂಗಳಲ್ಲೂ ಬಂತು. ಮಲಯಾಳಂ ಅಲ್ಲಿಗೆ ತಲುಪಿದೆ ಎಂದಮೇಲೆ ಕನ್ನಡ ತಲುಪುವುದು ಅಸಾಧ್ಯವೇನಲ್ಲ. ಅಷ್ಟು ದೂರ ಬೇಡ, ಕತಾರಿನ ಕರ್ನಾಟಕ ಸಂಘವೋ ತುಳುಕೂಟವೋ ತನ್ನ ಸದಸ್ಯರ ಪಟ್ಟಿಯನ್ನು ಕನ್ನಡದಲ್ಲಿ ಇಟ್ಟುಕೊಳ್ಳಬೇಕೆಂದರೂ ಇದೇ ಪ್ರಶ್ನೆ ಎದುರಾಗುತ್ತದೆ. ಇಂಗ್ಲಿಷಿನಿಂದ ಬೇರೆ ಭಾಷೆಗೆ ಹೋದಾಗ ಹತ್ತು ಅಕ್ಷರದೊಳಗಿನ ಚಿಕ್ಕ ಪದಗಳು ಎರಡರಿಂದ ಮೂರು ಪಟ್ಟು ಜಾಗ ಬೇಡಬಹುದು ಎಂದು ಐಬಿಎಂ ತನ್ನ ವಿನ್ಯಾಸಕಾರರಿಗೆ ಎಚ್ಚರಿಸಿತ್ತು. ಕನ್ನಡ ಅದನ್ನು ನಿಜ ಮಾಡುತ್ತದೆ. ಎಕ್ಸ್‌ಪೈರಿ ಎಂಬ ಕಾಲಂ ಶೀರ್ಷಿಕೆ ಇಂಗ್ಲಿಷಿನಲ್ಲಿ ಆರೇ ಅಕ್ಷರ. ನಮ್ಮಲ್ಲಿ ಅದು ಅವಧಿ ಮುಗಿಯುವ ದಿನಾಂಕ.

ಅಗಲಕ್ಕೆ ಅಂಟಿಕೊಂಡೇ ಎತ್ತರದ ಪ್ರಶ್ನೆಯೂ ಬರುತ್ತದೆ. ಇಂಗ್ಲಿಷ್ ಅಕ್ಷರ ಒಂದೇ ಮಹಡಿಯದು, ನಮ್ಮದು ನೆಲಮಾಳಿಗೆಗೂ ಇಳಿಯುತ್ತದೆ. ಕೊಲ್ಲಿ ದೇಶಗಳ ಯಾವ ಪಟ್ಟಿಯೂ ಬಿಡದ ಒಂದು ಕಾಲಂ ರಾಷ್ಟ್ರೀಯತೆ. ಆ ಪದದ ಎರಡನೇ ಅಕ್ಷರವನ್ನು ನೋಡಿ: ಷಕಾರದ ಅಡಿಯಲ್ಲಿ ಟಕಾರದ ಒತ್ತು, ಜೊತೆಗೆ ರಕಾರದ ಒತ್ತು, ಮೇಲೆ ಗುಡಿಸಿನ ದೀರ್ಘ. ಕಾಲಂ ಕಿರಿದಾಗಿದ್ದರೆ ಪದ ಯತೆಯನ್ನು ಕಳೆದುಕೊಂಡು ರಾಷ್ಟ್ರೀ ಎಂದು ನಿಲ್ಲುತ್ತದೆ. ಸಾಲಿನ ಎತ್ತರ ಇಂಗ್ಲಿಷಿಗೆಂದು ಅಳೆದು ಗಟ್ಟಿಮಾಡಿದ್ದಾಗಿದ್ದರೆ ಕೆಳಗಿನ ಒತ್ತುಗಳ ಪಾದ ಕತ್ತರಿಸಿ ಹೋಗುತ್ತದೆ. ಅಗಲವನ್ನು ಪೂರ್ತಿ ಕೊಟ್ಟು, ಎತ್ತರವನ್ನು ಅಕ್ಷರಗಳೇ ತೀರ್ಮಾನಿಸಲಿ ಎಂದು ಬಿಟ್ಟ ಪಟ್ಟಿಯಲ್ಲಿ ಅದೇ ಪದ ಒತ್ತು ದೀರ್ಘಗಳ ಸಮೇತ ಪೂರ್ತಿಯಾಗಿ ಕೂರುತ್ತದೆ, ಕಿಟಕಿಯ ಅಂಚನ್ನು ಹಿಡಿದು ಎಷ್ಟು ಒಳಗೆ ತಳ್ಳಿದರೂ ಪಕ್ಕದ 11 ಅಂಕಿಗಳು ತಮ್ಮ ಜಾಗ ಬಿಟ್ಟು ಕದಲುವುದಿಲ್ಲ.